ದುಡಿಯುವವನು ಓದುವುದು ಹೇಗೆ?



"ನನ್ನ ತಲೆಗೆ ವಿದ್ಯೆ ಹತ್ತುವುದಿಲ್ಲ" ಎಂಬ ಮಾತನ್ನು ನಾಂಪಲ್ಲಿಯ ಹೋಟೆಲುಗಳ ಹಿಂಬಾಗಿಲಲ್ಲಿ ನಾವು ಎಷ್ಟು ಸಲ ಕೇಳಿದ್ದೇವೋ ಲೆಕ್ಕವಿಲ್ಲ. ಹೇಳುವವರು ಹದಿನೇಳು ಹದಿನೆಂಟರ ಹುಡುಗರು. ಕುಂದಾಪುರದ ಕಡೆಯವರು, ಬೀದರ, ಕಲಬುರ್ಗಿ, ರಾಯಚೂರಿನ ಕಡೆಯವರು. ಏಳನೆಯದೋ ಎಂಟನೆಯದೋ ಬಿಟ್ಟು ರೈಲು ಹತ್ತಿದವರು. ಹತ್ತನೆಯ ತರಗತಿಗೆ ಒಮ್ಮೆ ಕಟ್ಟಿ, ನಾಪಾಸಾಗಿ, ಪುಸ್ತಕಗಳನ್ನು ಟ್ರಂಕಿನ ತಳಕ್ಕೆ ಹಾಕಿ ಮೇಲೆ ಬಟ್ಟೆ ಮಡಚಿಟ್ಟವರು. ಅವರ ಮಾತನ್ನು ನಾವು ಒಪ್ಪುವುದಿಲ್ಲ.

ಏಕೆಂದರೆ ಅದೇ ಹುಡುಗ ಬೆಳಗಿನ ಗಿರಾಕಿಯ ನಡುವೆ ಆರು ಟೇಬಲ್ಲುಗಳ ಆರ್ಡರನ್ನು ಒಂದು ಚೀಟಿಯೂ ಇಲ್ಲದೆ ಹೊತ್ತು ತಿರುಗುತ್ತಾನೆ. ಒಂದು ಮಸಾಲೆ, ಎರಡು ಸಾದಾ, ಒಂದು ಪ್ಲೇಟು ಇಡ್ಲಿ, ಮೂರು ಕಾಫಿ, ಅದರಲ್ಲಿ ಒಂದಕ್ಕೆ ಸಕ್ಕರೆ ಕಮ್ಮಿ. ಅಡಿಗೆಮನೆಗೆ ಕೂಗಿ ಹೇಳಿ, ತಂದಿಟ್ಟು, ಎದ್ದು ಹೋಗುವಾಗ ಗಲ್ಲಾಕ್ಕೆ ಮೊತ್ತವನ್ನೂ ಕೂಗುತ್ತಾನೆ. (ಈಗ ಅನೇಕ ಕಡೆ ಮೊದಲೇ ಕೂಪನ್ನು ಹರಿದು ಕೊಡುವ ಪದ್ಧತಿ ಬಂದು ಈ ವಿದ್ಯೆ ಕಡಿಮೆಯಾಗಿದೆ, ಅದು ಬೇರೆ ಮಾತು.) ಇಷ್ಟನ್ನು ಹಿಡಿದಿಡುವ ತಲೆ ಸಮಾಜಶಾಸ್ತ್ರದ ಪಾಠವೊಂದನ್ನು ಹಿಡಿದಿಡಲಾರದೆ?

ಅವನು ಓದುವ ಬಗೆಯನ್ನು ನೋಡಿ. ರಾತ್ರಿ ಹನ್ನೊಂದಕ್ಕೆ ನೆಲ ತೊಳೆದು, ಮೈ ನೋಯುತ್ತಿರುವಾಗ ಪುಸ್ತಕ ಬಿಚ್ಚುತ್ತಾನೆ. ಒಂದೇ ಪುಟವನ್ನು ಮೂರು ಸಲ ಕಣ್ಣಾಡಿಸುತ್ತಾನೆ, ಸಾಲುಗಳ ಕೆಳಗೆ ಗೆರೆ ಎಳೆಯುತ್ತಾನೆ. ಮೂರನೆಯ ಸಲಕ್ಕೆ ಎಲ್ಲವೂ ಪರಿಚಿತವಾಗಿ ಕಾಣುತ್ತದೆ, ಬಂತು ಎಂದುಕೊಂಡು ಮಲಗುತ್ತಾನೆ. ಬೆಳಿಗ್ಗೆ ಕೇಳಿದರೆ ಏನೂ ಇಲ್ಲ. ದಿನಾ ಬಾಗಿಲ ಮುಂದೆ ಹಾದುಹೋಗುವ ಮನುಷ್ಯನ ಮುಖ ಗೊತ್ತಿದ್ದೂ ಹೆಸರು ಗೊತ್ತಿರದ ಹಾಗೆ.

ಇದು ನಮ್ಮ ಊಹೆಯಷ್ಟೇ ಅಲ್ಲ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಿಶ್ವವಿದ್ಯಾಲಯದಲ್ಲಿ ರೋಡಿಗರ್, ಕಾರ್ಪಿಕಿ ಎಂಬಿಬ್ಬರು ನಡೆಸಿ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಂದು ತಂಡದ ವಿದ್ಯಾರ್ಥಿಗಳು ಒಂದು ಪಾಠವನ್ನು ನಾಲ್ಕು ಸರದಿ ಓದಿದರು. ಇನ್ನೊಂದು ತಂಡದವರು ಒಂದು ಸರದಿ ಮಾತ್ರ ಓದಿ, ಉಳಿದ ಮೂರು ಸರದಿ ಹಾಳೆಯನ್ನು ನೋಡದೆ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಓದಿ ಓದಿ ಹೋದವರೇ ಮುಂದು: ನೂರಕ್ಕೆ 83, ಇವರದು 71. ಒಂದು ವಾರದ ನಂತರ? ಓದಿದವರಿಗೆ ಉಳಿದದ್ದು 40, ನೋಡದೆ ನೆನೆದವರಿಗೆ 61. ಪರೀಕ್ಷೆ ಐದು ನಿಮಿಷಕ್ಕೆ ಬರುವುದಿಲ್ಲ ಸ್ವಾಮಿ, ತಿಂಗಳುಗಳ ಮೇಲೆ ಬರುತ್ತದೆ.

ನಮ್ಮ ಊರುಗಳಲ್ಲಿ ಇದು ಹೊಸತೇ? ಸಂಜೆ ದೀಪ ಹಚ್ಚಿದ ಮೇಲೆ ಮಕ್ಕಳನ್ನು ಸಾಲಾಗಿ ಕೂರಿಸಿ ಮಗ್ಗಿ, ತಿಥಿ, ನಕ್ಷತ್ರಗಳನ್ನು ಬಾಯಿಪಾಠ ಹೇಳಿಸುತ್ತಿದ್ದರು. ಪುಸ್ತಕ ನೋಡಲು ಬಿಡುತ್ತಿರಲಿಲ್ಲ. ಅದರಲ್ಲಿ ಒಂದು ಕೊರತೆಯೂ ಇತ್ತು, ಅರ್ಥ ಕೇಳುವಂತಿರಲಿಲ್ಲ. ನಾವು ಪುಸ್ತಕ ಮುಚ್ಚುವುದನ್ನು ಇಟ್ಟುಕೊಂಡು, ಪುಸ್ತಕದ ಮಾತಿನ ಬದಲು ನಮ್ಮ ಮಾತಿನಲ್ಲಿ ಹೇಳೋಣ. ಪಕ್ಕದ ಕ್ಲೀನರ್ ಹುಡುಗನಿಗೆ ಹೇಳಿ. ಅವನಿಗೆ ತಿಳಿಯದಿದ್ದರೆ ನಿಮಗೂ ಪೂರ್ತಿ ತಿಳಿದಿಲ್ಲ ಎಂದೇ ಲೆಕ್ಕ.

ಒಬ್ಬೊಬ್ಬರದು ಒಂದೊಂದು ಪ್ರಕೃತಿ, ಒಬ್ಬ ಕಣ್ಣಿನಿಂದ ಕಲಿಯುವವನು, ಒಬ್ಬ ಕಿವಿಯಿಂದ ಕಲಿಯುವವನು ಎಂದು ಹೇಳುವ ಪಂಡಿತರುಂಟು. 2008ರಲ್ಲಿ ನಾಲ್ವರು ಮನಶ್ಶಾಸ್ತ್ರಜ್ಞರು ಈ ವಾದದ ಆಧಾರಗಳನ್ನೆಲ್ಲ ಶೋಧಿಸಿ, ಇದನ್ನು ನಂಬಿ ಪಾಠ ಹೇಳಲು ತಕ್ಕ ಪುರಾವೆಯಿಲ್ಲವೆಂದರು. ನಮಗೆ ಸಂತೋಷವೇ ಆಯಿತು. ದುಡಿಯುವವರಲ್ಲಿ ಬೇರೆ ಬೇರೆಯಾಗಿರುವುದು ತಲೆಯ ಜಾತಿಯಲ್ಲ. ವೇಳೆ, ಜಾಗ, ನಿದ್ದೆ.

ಹತ್ತು ಮಂದಿ ಮಲಗುವ ಕೋಣೆಯಲ್ಲಿ ಓದುವುದು ಹೇಗೆಂದು ಕೇಳುವವರು ಬಾಬಾಸಾಹೇಬ ಅಂಬೇಡ್ಕರರ ಬಾಲ್ಯವನ್ನು ನೆನೆಯಲಿ. ಮುಂಬಯಿಯ ಪರೇಲಿನ ಚಾಳಿನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಹುಡುಗ ಬೇಗ ಮಲಗಿಬಿಡುತ್ತಿದ್ದ, ತಂದೆ ಎರಡು ಗಂಟೆಗೆ ಎಬ್ಬಿಸುತ್ತಿದ್ದರು, ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಓದು. 1907ರಲ್ಲಿ ಮೆಟ್ರಿಕ್ಯುಲೇಷನ್ ಪಾಸಾದರು. ಆದರೆ ಐದಕ್ಕೆ ಒಲೆ ಹಚ್ಚಬೇಕಾದ ಅಡಿಗೆಯವನು ಎರಡಕ್ಕೆ ಏಳುವುದನ್ನು ನಾವು ಹೇಳಲಾರೆವು. ಅವನು ಬೇಗ ಮಲಗುವುದನ್ನು ಯಜಮಾನರು ಬಿಡಬೇಕಲ್ಲ! ಅವನಿಗೆ ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗುವ ನಡುವಿನ ಹೊತ್ತುಂಟು. ಅದರಲ್ಲಿ ಅರ್ಧ ನಿದ್ದೆಗೆ, ಅರ್ಧ ಓದಿಗೆ. ನಾಂಪಲ್ಲಿಯವರಿಗೆ ಪಬ್ಲಿಕ್ ಗಾರ್ಡನ್ನಿನ ಮರಗಳ ನೆರಳು ದೂರವಿಲ್ಲ. ಇಪ್ಪತ್ತು ನಿಮಿಷವಾದರೂ ಸಾಕು, ದಿನಾ ಆಗಬೇಕು. ರಜಾದಿನ ಐದು ಗಂಟೆ ಒಟ್ಟಿಗೆ ಕೂತವನಿಗಿಂತ ಅದೇ ಐದು ಗಂಟೆಯನ್ನು ಹದಿನೈದು ದಿನಕ್ಕೆ ಹಂಚಿದವನಿಗೆ ಹೆಚ್ಚು ಉಳಿಯುತ್ತದೆ. ಒಮ್ಮೆ ಹೇಳಿದ್ದನ್ನು ಮರುದಿನ, ಆಮೇಲೆ ನಾಲ್ಕನೆಯ ದಿನ, ಆಮೇಲೆ ಎಂಟನೆಯ ದಿನ ಮತ್ತೆ ನೋಡದೆ ಹೇಳಿ.

ಗಿರಣಿಯವರ ಕಷ್ಟ ಬೇರೆ. ಪಾಳಿ ಬದಲಾದಾಗಲೆಲ್ಲ ಓದಿನ ಹೊತ್ತೂ ತಪ್ಪುತ್ತದೆ. ಅವರು ಗಡಿಯಾರಕ್ಕೆ ಕಟ್ಟಿಕೊಳ್ಳದೆ ಕೆಲಸಕ್ಕೆ ಕಟ್ಟಿಕೊಳ್ಳಲಿ: ಪಾಳಿ ಯಾವುದೇ ಇರಲಿ, ನಿದ್ದೆ ಮಾಡಿ ಎದ್ದ ಮೇಲಿನ ಮೊದಲ ಅರ್ಧ ಗಂಟೆ.

ಭಾಷೆಯ ತೊಡಕೂ ಇದೆ. ಊರಿನಲ್ಲಿ ಕನ್ನಡದಲ್ಲಿ ಓದಿದವನು ಇಲ್ಲಿ ತೆಲುಗು ಪುಸ್ತಕ ಹಿಡಿಯಬೇಕಾಗಿ ಬಂದರೆ ಹೆದರುತ್ತಾನೆ. ಎರಡೂ ಲಿಪಿಗಳು ಅಕ್ಕತಂಗಿಯರು. ತಲಕಟ್ಟು ಬೇರೆ, ಕ, ತ, ಶ, ಹ ಮುಂತಾದ ಕೆಲವು ಅಕ್ಷರ ಬೇರೆ. ಆ ಕೆಲವನ್ನು ಬಿಲ್ಲಿನ ಹಿಂದೆ ಬರೆದುಕೊಂಡು ಸ್ಟೇಷನ್ ರಸ್ತೆಯ ಅಂಗಡಿಗಳ ಫಲಕ ಓದುತ್ತಾ ನಡೆಯಿರಿ.

ಇನ್ನು, ನಮ್ಮ ಮಾತನ್ನೂ ಸುಮ್ಮನೆ ನಂಬಬೇಡಿ. ಒಂದು ಪಾಠವನ್ನು ನಿಮ್ಮ ಹಳೆಯ ರೀತಿಯಲ್ಲಿ ಓದಿ, ಇನ್ನೊಂದನ್ನು ಈ ರೀತಿಯಲ್ಲಿ. ಎಂಟನೆಯ ದಿನ ಸ್ನೇಹಿತನೊಬ್ಬನಿಂದ ಎರಡರಲ್ಲೂ ಹತ್ತು ಹತ್ತು ಪ್ರಶ್ನೆ ಕೇಳಿಸಿ ಬರೆದಿಡಿ. ಗಲ್ಲಾದ ಲೆಕ್ಕ ರಾತ್ರಿ ತಾಳೆ ನೋಡುವ ಹಾಗೆ ಇದನ್ನೂ ನೋಡಿ. ಯಾವ ಹೊತ್ತು, ಯಾವ ಜಾಗ, ಯಾವ ಜೊತೆ ನಿಮಗೆ ಒದಗಿತೆಂದು ಆ ಚೀಟಿಯೇ ಹೇಳುತ್ತದೆ.

ಒಬ್ಬನೇ ಮಾಡಲಾಗದ ಭಾಗವೂ ಇದೆ. ಮುಂಬಯಿಯ ಮೊಗವೀರ ಬಂಧುಗಳು 1908ರಲ್ಲೇ ಉಚಿತ ರಾತ್ರಿಶಾಲೆ ತೆರೆದರು. ಅಂಥ ಕನ್ನಡ ರಾತ್ರಿಶಾಲೆಗಳಲ್ಲಿ, ಹಗಲೆಲ್ಲ ಹೋಟೆಲಿನಲ್ಲಿ ತಟ್ಟೆ ಎತ್ತಿದ ಹುಡುಗರು ರಾತ್ರಿ ಪಾಠ ಕಲಿತರು. ಅಲ್ಲಿ ಕಟ್ಟಡಕ್ಕಿಂತ ದೊಡ್ಡದು, ಗೊತ್ತಾದ ಹೊತ್ತಿಗೆ ಎದುರು ನಿಂತು ಪ್ರಶ್ನೆ ಕೇಳುವ ಒಬ್ಬ ಮನುಷ್ಯ. ನಮ್ಮ ಸಂಘ ವಾರಕ್ಕೆರಡು ದಿನ ಅಂಥವನೊಬ್ಬನನ್ನು, ಒಂದು ದೀಪವನ್ನು, ಒಂದು ಚಾಪೆಯನ್ನು ಒದಗಿಸಲಾರದೆ? ಯಜಮಾನರನ್ನು ಕೇಳಬೇಕಾದುದೂ ಒಂದಿದೆ. ಇಲ್ಲಿನ 1988ರ ಅಂಗಡಿ ಮತ್ತು ಸಂಸ್ಥೆಗಳ ಕಾನೂನು ವಾರಕ್ಕೆ 48 ಗಂಟೆಯ ಮಿತಿ ಹಾಕಿದೆ. ಪರೀಕ್ಷೆಯ ತಿಂಗಳಲ್ಲಾದರೂ ಆ ಮಿತಿಯನ್ನು ನಡೆಸಿಕೊಡಿ, ಪಾಳಿಯನ್ನು ಬದಲಿಸಬೇಡಿ ಎಂಬುದು ಭಿಕ್ಷೆಯಲ್ಲ.

ದೇಶದ ಮೊದಲ ಮುಕ್ತ ವಿಶ್ವವಿದ್ಯಾಲಯ 1982ರಲ್ಲಿ ಈ ಹೈದರಾಬಾದಿನಲ್ಲೇ ಹುಟ್ಟಿತು. ಈಗ ಅದಕ್ಕೆ ಅಂಬೇಡ್ಕರರ ಹೆಸರು. ಅಲ್ಲಿಗೆ ಮುಟ್ಟುವ ಮೊದಲು ಹತ್ತನೆಯದು ಆಗಬೇಕಲ್ಲ, ಅದಕ್ಕೆ ರಾಷ್ಟ್ರೀಯ ಮುಕ್ತ ಶಾಲೆಯಿದೆ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷ, ಒಂಬತ್ತು ಅವಕಾಶ. ಪಾಸಾದ ವಿಷಯ ಪಾಸಾಗಿಯೇ ಉಳಿಯುತ್ತದೆ. ಆದುದರಿಂದ ಎಲ್ಲವನ್ನೂ ಒಟ್ಟಿಗೆ ಹೊರಬೇಡಿ, ಮೊದಲು ಎರಡು ವಿಷಯಕ್ಕೆ ಕಟ್ಟಿ. ಗಣಿತಕ್ಕೆ ಹೆದರಿ ಅದನ್ನು ಕೊನೆಗೆ ತಳ್ಳಬೇಡಿ. ಗಲ್ಲಾದಲ್ಲಿ ಒಂದು ವರ್ಷ ಕುಳಿತವನಿಗೆ ಶೇಕಡಾ ಲೆಕ್ಕವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.