ಒರಟು ಗೋಡೆಯ ನೇರ ಅಂಚು

ಶರಣ ಬಂಧುಗಳ ಮನೆಗಳಲ್ಲಿ ಮದುವೆಯೋ ಗುರುಪ್ರವೇಶವೋ ನಿಶ್ಚಯವಾದೊಡನೆ ಮೊದಲು ನೆನಪಾಗುವುದು ಸುಣ್ಣಬಣ್ಣ. ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಹಳೆಯ ತೊಟ್ಟಿಮನೆಗಳಲ್ಲಿ ಗೋಡೆಯ ಮೇಲ್ಭಾಗಕ್ಕೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟೆ. ಇವೆರಡೂ ಕೂಡುವ ಗೆರೆ ನೇರವಾಗಿದ್ದರೆ ಪಡಸಾಲೆಗೇ ಒಂದು ಕಳೆ. ಈಗ ಕೆಮ್ಮಣ್ಣಿನ ಸ್ಥಾನಕ್ಕೆ ಡಿಸ್ಟೆಂಪರ್, ಎಮಲ್ಶನ್‌ಗಳು ಬಂದಿವೆ. ಕೈಯಾಡಿಸಿದರೆ ಹರಳು ಹರಳಾಗಿ ತಾಗುವ ಟೆಕ್ಸ್ಚರ್ ಗೋಡೆಗಳೂ ಬಂದಿವೆ. ಆದರೆ ಎರಡು ಬಣ್ಣ ಕೂಡುವ ಗೆರೆಯ ತೊಡಕು ಮಾತ್ರ ಹಾಗೆಯೇ ಉಳಿದಿದೆ. ಗೆರೆ ಸೊಟ್ಟಾಯಿತೆಂದು ಬಣ್ಣ ಬಳಿದವರ ಕೂಲಿಯನ್ನು ಮುರಿದುಕೊಳ್ಳುವ ಮಾತೂ ಆಗಾಗ ನಮ್ಮ ಕಿವಿಗೆ ಬೀಳುತ್ತದೆ. ಆದ್ದರಿಂದ ಈ ಸಲ ಆ ಗೆರೆಯ ಕುರಿತು, ಅದನ್ನು ಎಳೆಯುವ ಕೈಯ ಕುರಿತು ನಾಲ್ಕು ಮಾತು ಬರೆಯುತ್ತಿದ್ದೇವೆ.

ಮೊದಲು ದೋಷದ ಮೂಲವನ್ನು ಅರಿಯಬೇಕು. ನಯವಾದ ಗೋಡೆಗೆ ಅಂಟುಪಟ್ಟಿ, ಅಂದರೆ ಮಾಸ್ಕಿಂಗ್ ಟೇಪ್, ಪೂರ್ತಿ ಹತ್ತಿಕೊಳ್ಳುತ್ತದೆ. ಒರಟು ಗೋಡೆಯಲ್ಲಿ ಅದು ಉಬ್ಬಿನಿಂದ ಉಬ್ಬಿಗೆ ಸೇತುವೆಯಂತೆ ಚಾಚಿಕೊಳ್ಳುವುದೇ ಹೊರತು ನಡುವಿನ ತಗ್ಗುಗಳನ್ನು ಮುಟ್ಟುವುದಿಲ್ಲ. ಆ ಸಂದುಗಳಲ್ಲಿ ಬಣ್ಣ ನುಸುಳುತ್ತದೆ. ಪಟ್ಟಿಯನ್ನು ಕಿತ್ತಾಗ ಗೆರೆಯ ಬದಲು ಗರಗಸದ ಹಲ್ಲು ಕಾಣುತ್ತದೆ. ಇಲ್ಲಿ ತಪ್ಪು ಕೈಯದಲ್ಲ. ಗೋಡೆಯ ಗುಣವನ್ನು ಎಣಿಸದೆ ಮಾಡಿದ ಅವಸರದ್ದು.

ಗೆರೆಯನ್ನು ಗುರುತಿಸುವುದು ಮೊದಲ ಕೆಲಸ. ನೆಲದಿಂದ ಅಳೆದು ಗುರುತು ಮಾಡಿದರೆ ನೆಲದ ಓರೆಯೆಲ್ಲ ಗೋಡೆಗೆ ಏರುತ್ತದೆ. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿಗಳನ್ನು ಗೋಡೆಯ ಎರಡು ಕೊನೆಗಳಲ್ಲಿ ಹಿಡಿದರೆ, ನೀರು ತಾನಾಗಿ ಸಮನಾಗಿ ನಿಂತ ಎತ್ತರವೇ ನಿಜವಾದ ಮಟ್ಟ. ಆ ಎರಡು ಗುರುತುಗಳ ನಡುವೆ ತೆಳುವಾಗಿ ಪುಡಿ ಸವರಿದ ದಾರವನ್ನು ಬಿಗಿಯಾಗಿ ಎಳೆದು, ನಡುವಿನಲ್ಲಿ ಹಿಡಿದೆತ್ತಿ ಬಿಟ್ಟರೆ ಗೋಡೆಯ ಮೇಲೆ ಗೆರೆ ಮೂಡುತ್ತದೆ. ನಿಲುಗೆರೆ ಬೇಕಾದರೆ ತೂಗುಗುಂಡನ್ನು ಇಳಿಬಿಡಬೇಕು. ಇವೆಲ್ಲ ನಮ್ಮ ಗಾರೆಯವರೂ ಬಡಗಿಗಳೂ ಬಲ್ಲ ವಿದ್ಯೆಗಳೇ.

ಇನ್ನು ಅಂಚಿನ ಮರ್ಮ. ಮೇಲೆ ಕೆನೆಬಣ್ಣ, ಕೆಳಗೆ ಕಾವಿಬಣ್ಣ ಎಂದಿಟ್ಟುಕೊಳ್ಳೋಣ. ಗೋಡೆಗೆಲ್ಲ ಮೊದಲು ಕೆನೆಬಣ್ಣ ಬಳಿದು ಚೆನ್ನಾಗಿ ಒಣಗಲು ಬಿಡಬೇಕು. ಗೆರೆಯ ಮೇಲ್ಬದಿಗೆ ಪಟ್ಟಿಯನ್ನು ಅಂಟಿಸಿ, ಅದರ ಕೆಳಅಂಚನ್ನು ಬಟ್ಟೆಯಿಂದ ಒತ್ತಿ ಕೂರಿಸಬೇಕು. ಆಮೇಲೆ ಕಾವಿಗೆ ಕೈಹಾಕದೆ, ಅದೇ ಕೆನೆಬಣ್ಣವನ್ನು ಆ ಅಂಚಿನುದ್ದಕ್ಕೂ ತೆಳುವಾಗಿ ಇನ್ನೊಮ್ಮೆ ಸವರಬೇಕು. ಸಂದುಗಳಲ್ಲಿ ನುಸುಳುವುದು ಈಗ ಗೋಡೆಯದೇ ಬಣ್ಣ. ಆದ್ದರಿಂದ ಅದು ಕಣ್ಣಿಗೆ ಕಾಣದು, ತಗ್ಗುಗಳೂ ಮುಚ್ಚಿಹೋಗುತ್ತವೆ. ಅದು ಒಣಗಿದ ಮೇಲೆ ಕಾವಿಯನ್ನು ಬಳಿದರೆ ನುಸುಳಲು ಅದಕ್ಕೆ ದಾರಿಯೇ ಇರದು. ಕೊನೆಯ ಕೈ ಪೂರ್ತಿ ಗಟ್ಟಿಯಾಗುವ ಮೊದಲೇ ಪಟ್ಟಿಯನ್ನು ಹಿಂದಕ್ಕೆ ಮಡಚಿ ನಿಧಾನವಾಗಿ ಬಿಡಿಸಬೇಕು. ಗೋಡೆ ತೀರ ಒರಟಾಗಿದ್ದರೆ, ಗೆರೆ ಬರುವಲ್ಲಿ ಎರಡು ಬೆರಳಗಲ ಪುಟ್ಟಿ ತುಂಬಿ ಉಪ್ಪುಕಾಗದದಿಂದ ಉಜ್ಜಿ ನಯಮಾಡಿಕೊಂಡು, ಆ ನಯದ ಮೇಲೆ ಎರಡು ಬಣ್ಣಗಳನ್ನೂ ಕೂಡಿಸುವುದು ಲೇಸು.

ಹಳ್ಳಿಯ ಸುಣ್ಣದ ಗೋಡೆಗೆ ಈ ಅಂಟುಪಟ್ಟಿ ಸಲ್ಲದು. ಅರಳಿಸಿದ ಸುಣ್ಣವು ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಮರಳಿ ಸುಣ್ಣಕಲ್ಲಿನ ಗುಣವನ್ನು ಪಡೆಯುತ್ತದೆ, ನಿಜ. ಆದರೂ ವರ್ಷವರ್ಷವೂ ಬಳಿದ ಪದರಗಳು ಸಡಿಲವಾಗಿದ್ದು ಪಟ್ಟಿಯೊಡನೆ ಹಕ್ಕಳೆಯಾಗಿ ಎದ್ದು ಬರುತ್ತವೆ. ಅಲ್ಲಿ ದಾರದ ಗೆರೆ, ಮೃದುವಾದ ಕುಂಚ, ತಾಳ್ಮೆ ಇವು ಮೂರೇ ಸಾಧನಗಳು. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಬಯಲಿನ ಊರುಗಳಲ್ಲಿ ಗೋಡೆಯ ಬುಡಕ್ಕೆ ತೇವ ಏರುವುದುಂಟು. ಅಂಥ ಬುಡಕ್ಕೆ ಎಣ್ಣೆಬಣ್ಣ ಬಳಿದರೆ ತೇವ ಹೊರಹೋಗಲಾರದೆ ಬಣ್ಣ ಗುಳ್ಳೆಯೆದ್ದು ಉದುರುತ್ತದೆ. ಗೆರೆಯೂ ಅದರೊಡನೆ ಹಾಳು. ಸುಣ್ಣವಾದರೋ ಗೋಡೆಗೆ ಉಸಿರಾಡಲು ಬಿಡುತ್ತದೆ.

ಹಳೆಯ ಎಣ್ಣೆಬಣ್ಣದ ಪಟ್ಟೆಯನ್ನು ಕೆರೆಸುವ ತಾಯಂದಿರಿಗೆ ಒಂದು ಎಚ್ಚರಿಕೆ. ಮನೆಬಳಕೆಯ ಬಣ್ಣದಲ್ಲಿ ಸೀಸವು 10 ಲಕ್ಷ ಭಾಗಕ್ಕೆ 90 ಭಾಗವನ್ನು ಮೀರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು. ಅದು ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೆ ಮೊದಲಿನ ಬಣ್ಣಗಳಲ್ಲಿ ಸೀಸ ಹೆಚ್ಚಾಗಿ ಇದ್ದಿರಬಹುದು. ಒಣಗಿದಂತೆಯೇ ಉಜ್ಜಿದರೆ ಆ ಧೂಳು ಮಕ್ಕಳ ಬೆಳೆಯುವ ಬುದ್ಧಿಗೆ ಕೇಡು. ನೀರು ಸವರಿ, ಒದ್ದೆಯಾಗಿಯೇ ಉಜ್ಜಿಸಬೇಕು. ಮಕ್ಕಳನ್ನೂ ಗರ್ಭಿಣಿಯರನ್ನೂ ದೂರವಿರಿಸಬೇಕು. ಕೆಲಸಗಾರರ ಮೂಗು ಬಾಯಿಗೂ ರಕ್ಷಣೆ ಕೊಡಬೇಕು. ಅವರ ಮನೆಯಲ್ಲಿಯೂ ಮಕ್ಕಳಿದ್ದಾರೆ.

ಮದ್ದೂರಿನ ಭಕ್ತರೊಬ್ಬರ ಮನೆಯಲ್ಲಿ ಮಗಳ ಮದುವೆಗೆಂದು ಒಂದೇ ದಿನದಲ್ಲಿ ಹಜಾರ ಮುಗಿಯಬೇಕೆಂದು ಅವಸರಪಡಿಸಿದರು. ಒರಟು ಗೋಡೆಯ ಗೆರೆ ಹಲ್ಲು ಹಲ್ಲಾಯಿತು. ಯಜಮಾನರು ಎರಡು ದಿನದ ಕೂಲಿ ಹಿಡಿಯುವುದಾಗಿ ಹೇಳಿದರು. ಬಣ್ಣದ ಹುಡುಗ ಎದುರು ಮಾತಾಡದೆ ತಲೆತಗ್ಗಿಸಿ ನಿಂತಿದ್ದ. ನಾವು ಇಷ್ಟೇ ಕೇಳಿಕೊಂಡೆವು: ಇವನಿಗೇ ಇನ್ನೊಂದು ದಿನ ಕೊಡಿ. ಮರುದಿನ ಅವನು ಪುಟ್ಟಿಯಿಂದ ಎರಡು ಬೆರಳಗಲ ನಯಮಾಡಿ ಗೆರೆಯೆಳೆದ. ದಾರವಿಟ್ಟು ನೋಡಿದರೂ ಒಂದು ಕೂದಲೆಳೆಯಷ್ಟು ಓರೆಯಿರಲಿಲ್ಲ. ಯಜಮಾನರು ಆ ದಿನವನ್ನೂ ಸೇರಿಸಿ ಪೂರ್ತಿ ಕೂಲಿಯನ್ನು ಅವನ ಕೈಗಿತ್ತರು. ಆ ಮನೆಯಮ್ಮನವರು ಅವನನ್ನು ಮದುವೆಯ ಪ್ರಸಾದಕ್ಕೂ ಕರೆದರು.

ಹಗ್ಗ ಹೊಸೆದು ಮಾರುವುದು ನುಲಿಯ ಚಂದಯ್ಯನವರ ಕಾಯಕವಾಗಿತ್ತು. ಹಗ್ಗಕ್ಕೆ ಸಲ್ಲುವ ಬೆಲೆಗಿಂತ ಹೆಚ್ಚು ಬಂದ ಹಣವನ್ನು ಆ ಶರಣರು ಒಪ್ಪಲಿಲ್ಲವೆಂಬ ಕಥೆಯನ್ನು ನಾವು ಪುರಾಣ ಪ್ರವಚನಗಳಲ್ಲಿ ಕೇಳಿ ತಲೆದೂಗುತ್ತೇವೆ. ಆ ಕಥೆಗೆ ಇನ್ನೊಂದು ಮಗ್ಗುಲುಂಟು. ದುಡಿಯುವವನು ಸಲ್ಲುವುದಕ್ಕಿಂತ ಹೆಚ್ಚನ್ನು ಕೊಳ್ಳಬಾರದಾದರೆ, ದುಡಿಸಿಕೊಳ್ಳುವವನು ಸಲ್ಲುವುದಕ್ಕಿಂತ ಕಡಿಮೆ ಕೊಡಲೂಬಾರದು. ದಾಸೋಹದ ಮನೆಯೆಂದು ಹೇಳಿಕೊಳ್ಳುವ ನಾವು ಬೆವರಿನ ಕೂಲಿಯಲ್ಲಿ ಮುರಿದುಕೊಂಡ ಹಣದಿಂದ ಜಂಗಮಾರ್ಚನೆ ಮಾಡಿದರೆ ಅದು ಲಿಂಗಮುಖಕ್ಕೆ ಸಲ್ಲುವುದೆ?

ಆದಕಾರಣ ಬಂಧುಗಳೇ, ಮನೆಗೆ ಬಣ್ಣ ಮಾಡಿಸುವಾಗ ಬಣ್ಣದ ಲೆಕ್ಕದ ಜೊತೆಗೆ ಅಂಚಿನ ಕೆಲಸಕ್ಕೆಂದೇ ಒಂದು ದಿನದ ಲೆಕ್ಕವನ್ನೂ ಹಿಡಿಯಿರಿ. ಬಂದವರನ್ನು ಹೆಸರು ಹಿಡಿದು ಮರ್ಯಾದೆಯಿಂದ ಕರೆಯಿರಿ, ಹೊತ್ತಿಗೆ ಸರಿಯಾಗಿ ಊಟ ನೀಡಿರಿ, ಸಂಜೆಯ ಕೂಲಿಯನ್ನು ಸಂಜೆಯೇ ಕೊಡಿರಿ. ಶರಣು ಶರಣಾರ್ಥಿ.