ಅಷ್ಟಮುಡಿಗೆ ಬಂದ ‘ವರತ್ತನ್’

ಕೊಲ್ಲಂ ಎಂದೊಡನೆ ಕಥೋಲಿಕರಾದ ನಮಗೆ ನೆನಪಾಗುವುದು 1329ರಲ್ಲಿ ಸ್ಥಾಪನೆಗೊಂಡ ಭಾರತದ ಪ್ರಥಮ ಧರ್ಮಪ್ರಾಂತ್ಯ. ಆ ಊರಿನ ಮಗ್ಗುಲಲ್ಲೇ ಹರಡಿರುವ ಅಷ್ಟಮುಡಿ ಹಿನ್ನೀರಿನಲ್ಲಿ ಮುಳುಗಿ ಚಿಪ್ಪುಮೀನು ಹೆಕ್ಕಿ ಬದುಕುವ ಕುಟುಂಬಗಳು ಅನೇಕ. ಮರಿಗಳನ್ನು ಬಿಟ್ಟು ಬಲಿತದ್ದನ್ನಷ್ಟೇ ತೆಗೆಯುವ ಅವರ ಸಂಯಮಕ್ಕೆ 2014ರಲ್ಲಿ, ದೇಶದಲ್ಲೇ ಮೊದಲ ಬಾರಿಗೆ, ಸುಸ್ಥಿರ ಮೀನುಗಾರಿಕೆಯ ಅಂತಾರಾಷ್ಟ್ರೀಯ ಪ್ರಮಾಣಪತ್ರ ದೊರೆತಿತ್ತು.

ಐದೇ ವರ್ಷಗಳಲ್ಲಿ ಆ ಸಂತೋಷಕ್ಕೆ ಮುಸುಕು ಕವಿಯಿತು. ದಕ್ಷಿಣ ಹಾಗೂ ಮಧ್ಯ ಅಮೆರಿಕದ ಕರಾವಳಿಗೆ ಸೇರಿದ ‘ಮೈಟೆಲ್ಲಾ’ ಎಂಬ ಪುಟ್ಟ ಚಿಪ್ಪುಜೀವಿ ಕೇರಳದ ಹಿನ್ನೀರುಗಳಲ್ಲಿ ನೆಲೆಯೂರಿರುವುದನ್ನು ವಿಜ್ಞಾನಿಗಳು 2019ರಲ್ಲಿ ವರದಿ ಮಾಡಿದರು. ನೂಲಿನಂತಹ ಎಳೆಗಳಿಂದ ಒಂದಕ್ಕೊಂದು ಅಂಟಿಕೊಂಡು, ಚಾಪೆ ಹಾಸಿದಂತೆ ಇದು ಕೆರೆಯ ತಳವನ್ನು ಆವರಿಸುತ್ತದೆ; ಅಡಿಯಲ್ಲಿರುವ ಸ್ಥಳೀಯ ಚಿಪ್ಪುಮೀನಿಗೆ ಉಸಿರಾಟವೇ ದುಸ್ತರ. ಅಲ್ಲಿನ ಬೆಸ್ತರು ಇದನ್ನು ಕರೆಯುವುದು ‘ವರತ್ತನ್ ಕಕ್ಕ’ ಎಂದು. ವರತ್ತನ್ ಎಂದರೆ ಹೊರಗಿನಿಂದ ಬಂದವನು. ‘ಹೊರಗಿನವರು’ ಎಂಬ ಮಾತನ್ನು ಆಗಾಗ ಕೇಳಿಸಿಕೊಂಡ ನಮ್ಮ ಸಮುದಾಯದ ಕಿವಿಗೆ ಈ ಹೆಸರು ಅಷ್ಟೇನೂ ಹಿತವಲ್ಲ!

ಈ ಜೀವಿ ತಾನಾಗಿ ಸಾಗರ ದಾಟಿ ಬಂದುದಲ್ಲ. ಸರಕಿಳಿಸಿದ ಹಡಗು ಸಮತೋಲನಕ್ಕಾಗಿ ಒಂದು ಬಂದರಿನ ನೀರನ್ನು ತೊಟ್ಟಿಗಳಲ್ಲಿ ತುಂಬಿಕೊಂಡು, ಸರಕು ಹೇರುವ ಇನ್ನೊಂದು ಬಂದರಿನಲ್ಲಿ ಸುರಿಯುತ್ತದೆ. ಕಣ್ಣಿಗೆ ಕಾಣದ ಮರಿಗಳು ಪಯಣಿಸುವುದು ಹೀಗೆ. ಇಲ್ಲವೇ ಹಡಗಿನ ಹೊರಮೈಗೆ ಅಂಟಿಕೊಂಡು. ನಮ್ಮ ಅಡುಗೆಮನೆಗಳ ಪ್ರೀತಿಯ ಪಚ್ಚಿಲೆಯೂ ಇಂತಹುದೇ ಪಯಣ ಮಾಡಿ 1990ರಲ್ಲಿ ಟ್ರಿನಿಡಾಡಿನಲ್ಲಿ ಕಾಣಿಸಿಕೊಂಡಿತು. 1999ರಲ್ಲಿ ಫ್ಲಾರಿಡಾದ ವಿದ್ಯುತ್ ಸ್ಥಾವರಗಳ ನೀರಿನ ಸುರಂಗಗಳಲ್ಲಿ ಬೆಳೆದು ಅಲ್ಲಿ ಪೀಡೆಯೆನಿಸಿತು. ಹಾಗಿರುವಾಗ ಚಿಪ್ಪನ್ನು ದೂಷಿಸಿ ಫಲವೇನು?

ನೀರು ಸುರಿದವನಿಗೆ ನಷ್ಟವಿಲ್ಲ. ತಲೆಮಾರುಗಳಿಂದ ನಿಯಮ ಪಾಲಿಸಿದ ಬಡವನ ಬುಟ್ಟಿ ಬರಿದಾಗುತ್ತದೆ. ನಮ್ಮನ್ನು ಕಾಡಬೇಕಾದ ಅನ್ಯಾಯ ಇದು. ಬೇರೆ ಜೀವನೋಪಾಯವಿಲ್ಲದ ಸಣ್ಣ ಮೀನುಗಾರರೇ ಕಡಲ ಸಂಪತ್ತಿನ ನಾಶಕ್ಕೆ ಮೊದಲು ಬಲಿಯಾಗುತ್ತಾರೆಂದು ಜಗದ್ಗುರು ಪೋಪ್ ಫ್ರಾನ್ಸಿಸರು 2015ರ ‘ಲೌದಾತೋ ಸಿ’ ವಿಶ್ವಪತ್ರದಲ್ಲಿ ಎಚ್ಚರಿಸಿದ್ದರು. ನಿಲುಭಾರದ ನೀರನ್ನು ಶುದ್ಧೀಕರಿಸಿಯೇ ಬಿಡಬೇಕೆನ್ನುವ ಅಂತಾರಾಷ್ಟ್ರೀಯ ಒಪ್ಪಂದ 2004ರಲ್ಲೇ ರೂಪುಗೊಂಡರೂ ಜಾರಿಯಾದುದು 2017ರಲ್ಲಿ. ಹದಿಮೂರು ವರ್ಷಗಳ ವಿಳಂಬಕ್ಕೆ ತೆರಿಗೆ ಕಟ್ಟಿದವರು ಇಂತಹ ಬೆಸ್ತರು.

ಪಣಂಬೂರಿನ ಬಂದರಿಗೂ ದೇಶವಿದೇಶಗಳ ಹಡಗುಗಳು ಬರುತ್ತಿವೆ. ನೇತ್ರಾವತಿ, ಗುರುಪುರ ನದಿಗಳ ಅಳಿವೆಯಲ್ಲಿ ಚಿಪ್ಪು ಹೆಕ್ಕುವವರು ನಮ್ಮ ನೆರೆಯವರೇ. ಹಡಗುಗಳ ನೀರಿನ ತಪಾಸಣೆ ಕಾಗದದ ಮೇಲಷ್ಟೇ ಉಳಿಯಬಾರದೆಂದು ತೀರದ ಧರ್ಮಕೇಂದ್ರಗಳು ಒಕ್ಕೊರಲಿನಿಂದ ಕೇಳಲಿ. ಕಲ್ಲುಬಂಡೆಗಳಲ್ಲೋ ದೋಣಿಯ ತಳದಲ್ಲೋ ಅಪರಿಚಿತ ಚಿಪ್ಪೇನಾದರೂ ಕಂಡುಬಂದಲ್ಲಿ ಅದನ್ನು ಎಸೆಯದೆ ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ತೋರಿಸುವಂತೆ, ಭಾನುವಾರದ ಬಲಿಪೂಜೆಯ ಬಳಿಕದ ಪ್ರಕಟಣೆಗಳಲ್ಲಿ ಪೂಜ್ಯ ಧರ್ಮಗುರುಗಳು ಒಂದು ಮಾತು ಸೇರಿಸಬಹುದಲ್ಲವೇ?