ಕನಿಕರವೊಂದೇ ಸಾಲದು

ದುಡಿಯುವ ಮನುಷ್ಯನೊಬ್ಬನು ಅಪಘಾತದಿಂದಲೋ ಪಾರ್ಶ್ವವಾಯುವಿನಿಂದಲೋ ಕೈಕಾಲುಗಳ ಸ್ವಾಧೀನವನ್ನು ಕಳೆದುಕೊಂಡಾಗ ಆ ಆಘಾತವು ಇಡೀ ಕುಟುಂಬಕ್ಕೆ ತಟ್ಟುತ್ತದೆ. ಮಳೆಯನ್ನೇ ನಂಬಿದ ನಮ್ಮ ಜಗಳೂರು ಸೀಮೆಯಲ್ಲಂತೂ ಒಬ್ಬನ ದುಡಿಮೆ ನಿಂತರೆ ಬಿತ್ತನೆಯೇ ನಿಂತೀತು. ಇಂತಹ ಸಮಯದಲ್ಲಿ ಆತ್ಮೀಯರ ಕರ್ತವ್ಯವೇನೆಂಬುದು ಚಿಂತನಾರ್ಹವಾದ ವಿಷಯ.

ನಮ್ಮ ಮನೆಗಳಲ್ಲಿ ಪ್ರೀತಿಗೆ ಕೊರತೆಯಿಲ್ಲ. ಆದರೆ ಆ ಪ್ರೀತಿಯೇ ಎಷ್ಟೋ ಸಲ ಬೇಲಿಯಾಗುತ್ತದೆ. ಬೀಜ, ಗೊಬ್ಬರ, ಸಾಲದ ಕಂತು, ಮಗಳ ಮದುವೆ ಎಲ್ಲಕ್ಕೂ ನಿನ್ನೆಯವರೆಗೆ ಮಾತು ಹೇಳುತ್ತಿದ್ದ ಯಜಮಾನನನ್ನು "ಪಾಪ, ಅವನಿಗೇಕೆ ತೊಂದರೆ" ಎಂದು ಪಡಸಾಲೆಯ ಮೂಲೆಗೆ ಸರಿಸುತ್ತೇವೆ. ಬಂದ ನೆಂಟರು ಅವನೆದುರಿಗೇ ಅವನ ಆರೋಗ್ಯವನ್ನು ಅವನ ಹೆಂಡತಿಯಲ್ಲಿ ವಿಚಾರಿಸುತ್ತಾರೆ. ಕಾಲು ಹೋದುದಕ್ಕಿಂತ ಮಾತಿನ ಬೆಲೆ ಹೋದುದೇ ಅವನನ್ನು ಹೆಚ್ಚು ಕುಗ್ಗಿಸುತ್ತದೆಂದು ನನ್ನ ಅಭಿಪ್ರಾಯ.

ಈ ದಿಸೆಯಲ್ಲಿ ಗದುಗಿನ ವೀರೇಶ್ವರ ಪುಣ್ಯಾಶ್ರಮದ ನಿದರ್ಶನವು ಕಣ್ಣಮುಂದಿದೆ. ಅಂಧ ಬಾಲಕನಾಗಿದ್ದ ಪಂಚಾಕ್ಷರಿ ಗವಾಯಿಗಳಿಗೆ (1892-1944) ಹಾನಗಲ್ಲ ಕುಮಾರಸ್ವಾಮಿಗಳು ಬರಿಯ ಅನ್ನ ನೀಡಿ ಸುಮ್ಮನಾಗಲಿಲ್ಲ, ಸಂಗೀತವಿದ್ಯೆಯನ್ನು ಕೊಡಿಸಿದರು. ಆ ವಿದ್ಯೆ ಅಂಧರಾದ ಪುಟ್ಟರಾಜ ಗವಾಯಿಗಳಿಗೆ (1914-2010) ಹರಿಯಿತು. 1944ರ ತರುವಾಯ ಆಶ್ರಮವನ್ನು ನಡೆಸಿದ ಅವರು ಅಸಂಖ್ಯ ಅಂಧ ಮಕ್ಕಳನ್ನು ಸ್ವಾವಲಂಬಿಗಳನ್ನಾಗಿಸಿದರು. 2010ರಲ್ಲಿ ಪದ್ಮಭೂಷಣಕ್ಕೆ ಪಾತ್ರರಾದರು.

ಎಲ್ಲರೂ ಗವಾಯಿಗಳಾಗಲಾರರು, ನಿಜ. ನಡುವಯಸ್ಸಿನಲ್ಲಿ ಅಂಗಹೀನನಾದವನ ದುಃಖವೂ ಬೇರೆ ಬಗೆಯದು. ಅದಕ್ಕೆ ಕಾಲಾವಕಾಶ ಬೇಕು. "ಧೈರ್ಯ ತಂದುಕೋ" ಎಂದು ಅವಸರಪಡಿಸುವುದು ಸಲ್ಲದು. ಆದರೆ ಅವನಿಂದಾಗುವ ಕೆಲಸವನ್ನು ನಾವು ಕಸಿದುಕೊಳ್ಳಬಾರದು. ಅಂಗಿಯ ಗುಂಡಿ ಹಾಕಿಕೊಳ್ಳಲು ಹತ್ತು ನಿಮಿಷ ಹಿಡಿದರೆ ಹಿಡಿಯಲಿ. ಮನೆಯ ಲೆಕ್ಕ, ಮಕ್ಕಳ ಪಾಠ, ಕೂಲಿಯವರೊಡನೆ ಮಾತುಕತೆ, ಇವು ಅವನವೇ ಆಗಿರಲಿ. ನೆರವು ನೀಡುವ ಮುನ್ನ ಅವನನ್ನೇ ಕೇಳೋಣ.

ಇನ್ನೊಂದು ಸಂಗತಿ. ಆರೈಕೆಯ ಹೊರೆ ಬಹುಮಟ್ಟಿಗೆ ಹೆಂಡತಿಯ ಇಲ್ಲವೆ ತಾಯಿಯ ಹೆಗಲ ಮೇಲೆಯೇ ಬೀಳುತ್ತದೆ. ಅವಳನ್ನು ತ್ಯಾಗಮಯಿಯೆಂದು ಕೊಂಡಾಡುವುದು ಸುಲಭ. ವಾರದಲ್ಲೊಂದು ದಿನ ಅವಳ ಸ್ಥಾನದಲ್ಲಿ ನಿಲ್ಲುವುದು ನಿಜವಾದ ಸಹಾಯ.

1995ರ ಕಾಯಿದೆಯು 7 ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ಕಾಯಿದೆಯು 21 ಬಗೆಗಳನ್ನು ಗುರುತಿಸಿ, ಶೇಕಡಾ 40ಕ್ಕೆ ಕಡಿಮೆಯಿಲ್ಲದ ವೈಕಲ್ಯವುಳ್ಳವರಿಗೆ ಸರ್ಕಾರಿ ನೌಕರಿಯಲ್ಲಿ ಶೇಕಡಾ 4ರಷ್ಟು ಮೀಸಲಾತಿಯನ್ನು ವಿಧಿಸಿದೆ. ದಾವಣಗೆರೆಯಲ್ಲಿಯೇ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರವಿದೆ. ಆದರೆ ಅರ್ಜಿ ಬರೆದು, ಜೊತೆಯಲ್ಲಿ ಬಸ್ಸು ಹತ್ತಿ ಹೋಗುವ ಒಬ್ಬ ನೆಂಟನಿಲ್ಲದಿದ್ದರೆ ಈ ಹಕ್ಕುಗಳು ಕಾಗದದಲ್ಲಿಯೇ ಉಳಿಯುತ್ತವೆ.

ಶಿಕ್ಷಕರು ಆ ಅರ್ಜಿಯನ್ನು ಬರೆದುಕೊಡಬಲ್ಲರು. ಹಳೆಯ ವಿದ್ಯಾರ್ಥಿಗಳು ಜೊತೆಗೆ ಹೋಗಬಲ್ಲರು. ದಾನಿಗಳು ಗಾಲಿಕುರ್ಚಿಯೊಂದಿಗೆ ಅದು ಏರಬಲ್ಲ ಇಳಿಜಾರು ದಾರಿಯನ್ನೂ ಕಟ್ಟಿಸಿಕೊಡಬಲ್ಲರು. ಕಾಯಕವನ್ನು ಹಿರಿದೆಂದು ಬಗೆದ ನಾಡಿನಲ್ಲಿ ಮನುಷ್ಯನೊಬ್ಬನ ಕಾಯಕವನ್ನು ಅವನಿಗೆ ಮರಳಿ ದೊರಕಿಸಿಕೊಡುವುದಕ್ಕಿಂತ ಮಿಗಿಲಾದ ದಾಸೋಹ ಯಾವುದಿದ್ದೀತು?